ಒಂದನೇ ನಂಬರಿನ ಮಂಚ

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಔಷಧಿಯ ಉಗ್ರಾಣಕ್ಕೂ ನಡುವೆ ರೆಕಾರ್ಡ್ ರೂಮ್ ಇತ್ತು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಕೂತಿದ್ದವಳನ್ನು ಎಲ್ಲರೂ ಲೆಕ್ಕದಕ್ಕ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಅವಳ ಕೆಲಸ ಇಷ್ಟೇ. ಮೇಲಿನ ವಾರ್ಡುಗಳಿಂದ ಮನೆಗೆ ಹೋದವರ, ತೀರಿಕೊಂಡವರ ಕೇಸ್ ಶೀಟುಗಳು ದಿನಾ ಹತ್ತು ಗಂಟೆಗೆ ತಳ್ಳುಗಾಡಿಯಲ್ಲಿ ಇಳಿದು ಬರುತ್ತಿದ್ದವು. ಅವುಗಳ ಹಾಳೆ ಎಣಿಸಿ, ತೂತು ಹಾಕಿ, ದಾರ ಕಟ್ಟಿ, ಮೊದಲ ಪುಟದಲ್ಲಿರುವುದನ್ನು ದೊಡ್ಡ ಪುಸ್ತಕಕ್ಕೆ ಇಳಿಸಿ ಕಪಾಟಿಗೆ ಸೇರಿಸಬೇಕು. ವಯಸ್ಸು, ಕಾಯಿಲೆ, ಬಂದ ದಿನ, ಹೋದ ದಿನ, ಕೊನೆಯಲ್ಲಿದ್ದ ಮಂಚದ ನಂಬರು, ಆಮೇಲೆ ಗುಣವಾಯಿತೋ ಇಲ್ಲವೋ ಎಂಬ ಒಂದು ಪದ. ಒಬ್ಬ ಮನುಷ್ಯ ಪಟ್ಟ ಪಾಡೆಲ್ಲ ಅವಳ ಪುಸ್ತಕದಲ್ಲಿ ಒಂದು ಸಾಲಾಗುತ್ತಿತ್ತು.

ಬರೆದು ಸುಮ್ಮನಾಗುವ ಜಾಯಮಾನ ಅವಳದಲ್ಲ. ಯಾರೂ ಕೇಳದಿದ್ದರೂ ಎಣಿಸುತ್ತಿದ್ದಳು. ಲಿಫ್ಟು ಯಾವ ವಾರ ಹೆಚ್ಚು ಕೆಡುತ್ತದೆ, ಕ್ಯಾಂಟೀನಿನ ಚಹಾ ತಿಂಗಳಲ್ಲಿ ಎಷ್ಟು ದಿನ ನೀರಾಗಿರುತ್ತದೆ, ಎಲ್ಲದಕ್ಕೂ ಹಳೆ ಕಾಗದದ ಬೆನ್ನಿಗೆ ಪೆನ್ಸಿಲಿನ ಗೀಟು. ಬಟ್ಟೆ ಒಗೆಯುವವನು ಬಾಗಿಲಲ್ಲಿ ತಲೆ ಹಾಕಿ ಕೆಣಕುತ್ತಿದ್ದ.

"ಲೆಕ್ಕದಕ್ಕ, ನನ್ನ ತಲೇಲಿ ಎಷ್ಟು ಕೂದಲಿದೆ ಹೇಳು ನೋಡೋಣ."

"ಹೋದ ವರ್ಷಕ್ಕಿಂತ ಕಡಿಮೆ ಇದೆ. ಇನ್ನು ಎರಡು ವರ್ಷ ತಡಿ, ನೀನೇ ಎಣಿಸ್ಕೋಬಹುದು."

ನಗೆಯಾಟಕ್ಕೆ ಮಾತ್ರ ಈ ಗೀಟುಗಳು ಎಂದುಕೊಳ್ಳಬೇಡಿ. ಒಮ್ಮೆ ರೋಗಿಗಳು ಜಾರಿ ಬೀಳುವುದು ಹೆಚ್ಚಾಗಿತ್ತು. ಬಿದ್ದವರ ಶೀಟುಗಳನ್ನೆಲ್ಲ ತೆಗೆದು ನೋಡಿದವಳು ಅವಳೇ. ಮೂರರಲ್ಲಿ ಎರಡು ಪಾಲು ಜನ ಬಿದ್ದದ್ದು ಬೆಳಿಗ್ಗೆ ಆರರಿಂದ ಏಳರೊಳಗೆ, ಅಂದರೆ ನೆಲ ಒರೆಸುವ ಹೊತ್ತಿನಲ್ಲಿ. ಆಡಳಿತಾಧಿಕಾರಿಗೆ ಬರೆದು ಕೊಟ್ಟಳು. ಒರೆಸುವ ಹೊತ್ತು ಬದಲಾಯಿತು, ಬೀಳುವವರೂ ಕಡಿಮೆಯಾದರು. ಅಧಿಕಾರಿಯೇ ನೆಲಮಾಳಿಗೆಗೆ ಇಳಿದು ಬಂದು ಬೆನ್ನು ತಟ್ಟಿದರು. ಏಳನೇ ತರಗತಿಗೆ ಶಾಲೆ ಬಿಟ್ಟ ಹೆಂಗಸಿಗೆ ಆ ದಿನ ಎಷ್ಟು ದೊಡ್ಡದೆಂದು ಬೇರೆಯವರಿಗೆ ಗೊತ್ತಾಗುವುದು ಕಷ್ಟ. ಅಂದಿನಿಂದ ಅವಳ ಬಾಯಲ್ಲಿ ಒಂದು ಮಾತು ಬಂದು ಕೂತಿತು. "ಜನ ಏನು ಬೇಕಾದ್ರೂ ಹೇಳ್ತಾರೆ. ಕಾಗದ ಸುಳ್ಳು ಹೇಳಲ್ಲ."

ಕಾಗದದ ಹೊರಗೆ ಅವಳಿಗಿದ್ದವರು ಅಣ್ಣ, ಅತ್ತಿಗೆ ಇಬ್ಬರೇ. ತಂದೆತಾಯಿ ಹೋದಾಗ ಅವಳಿಗೆ ಎಂಟು ವರ್ಷ, ಅಣ್ಣನಿಗೆ ಹದಿನೇಳು. ಅಣ್ಣ ಬೀಗ ರಿಪೇರಿಯ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಅವಳನ್ನು ಸಾಕಿದ. ಆಮೇಲೆ ಬಸ್ ನಿಲ್ದಾಣದ ಗೋಡೆಗೆ ಆತು ಒಬ್ಬನೇ ನಿಲ್ಲುವಷ್ಟು ಅಗಲದ ಸ್ವಂತ ಅಂಗಡಿ ಇಟ್ಟ. ಕಾಗದದ ಮೇಲೆ ಎರಡಂಕಿ ಕೂಡಿಸಲು ತಡವರಿಸುವವನು ಬೀಗದ ಕೈಯ ಹಲ್ಲನ್ನು ಬರೀ ಬೆರಳಲ್ಲಿ ಸವರಿ, ಎಲ್ಲಿ ಕೂದಲೆಳೆಯಷ್ಟು ಹೆಚ್ಚಿದೆ ಎಂದು ಹೇಳಿಬಿಡುತ್ತಿದ್ದ. ತಂಗಿಯನ್ನು ಈಗಲೂ ಪುಟ್ಟಿ ಎಂದೇ ಕರೆಯುತ್ತಿದ್ದ. ಅವಳಿಗೆ ಆಗ ಐವತ್ತೊಂದು.

ಅತ್ತಿಗೆಗೆ ನಾದಿನಿಯ ಮಾತೆಂದರೆ ಕಲ್ಲಿನ ಮೇಲೆ ಕೊರೆದಂತೆ. ಯಾವ ಡಾಕ್ಟರ ಹತ್ತಿರ ಹೋಗಬೇಕು, ಯಾವ ಬಸ್ಸು ಹಿಡಿಯಬೇಕು, ಎಲ್ಲವನ್ನೂ ಕೇಳುತ್ತಿದ್ದಳು. "ನಮ್ಮನೇಲಿ ಒಬ್ಬಳಿಗಾದ್ರೂ ತಲೆ ಇದೆ" ಎಂದು ಗಂಡನಿಗೆ ಕೇಳುವ ಹಾಗೆ ಹೇಳುವುದು ಅವಳ ದಿನದ ಪಾಠ. ಅಣ್ಣ ನಗುತ್ತಿದ್ದ. "ನನಗೆ ಕೈ ಇದೆಯಲ್ಲ, ಸಾಕು."

ಹೀಗಿರುವಾಗ ಅಣ್ಣನಿಗೆ ನಿಮೋನಿಯಾ ಆಯಿತು. ನಾಲ್ಕು ದಿನ ಕೆಮ್ಮನ್ನು ಕೆಮ್ಮೆಂದೇ ತಳ್ಳಿಹಾಕಿ, ಐದನೆಯ ದಿನ ಉಸಿರು ಸಿಗದೆ ಆಸ್ಪತ್ರೆಗೆ ಬಂದ. ಆಕ್ಸಿಜನ್ ಹಾಕಿ ಗಂಡಸರ ವಾರ್ಡಿಗೆ ಸೇರಿಸಿದರು. ಅತ್ತಿಗೆ ಏದುಸಿರು ಬಿಡುತ್ತ ನೆಲಮಾಳಿಗೆಗೆ ಇಳಿದು ಬಂದಳು.

"ಬೆಡ್ ಸಿಕ್ತು ಕಣೇ, ಸದ್ಯ. ಬಾಗಿಲ ಹತ್ರಾನೇ, ಸಿಸ್ಟರ್ ಮೇಜಿನ ಪಕ್ಕ. ಒಂದನೇ ನಂಬರು."

ಒಂದನೇ ನಂಬರು ಎಂದೊಡನೆ ಲೆಕ್ಕದಕ್ಕನ ಎದೆ ಧಸಕ್ಕೆಂದಿತು. ಯಾಕೆಂದು ತಕ್ಷಣ ತಿಳಿಯಲಿಲ್ಲ. ಅತ್ತಿಗೆಯನ್ನು ಕಳಿಸಿ ಕಪಾಟಿನ ಮುಂದೆ ನಿಂತಾಗ ತಿಳಿಯಿತು. ತೀರಿಕೊಂಡವರ ಶೀಟುಗಳ ಮೇಲ್ತುದಿಯಲ್ಲಿ 1 ಎಂಬ ಆ ಒಂಟಿ ಗೀಟು ಅವಳ ಕಣ್ಣಿಗೆ ಎಷ್ಟೋ ಸಲ ಬಿದ್ದಿತ್ತು. ಬಾಗಿಲು ಹಾಕಿಕೊಂಡು ಆ ವಾರ್ಡಿನ ಹಿಂದಿನ ವರ್ಷದ ಶೀಟುಗಳನ್ನೆಲ್ಲ ಇಳಿಸಿದಳು. ಆರುನೂರ ಹನ್ನೆರಡು. ಊಟ ಬಿಟ್ಟು ಕೂತು ಸಂಜೆಗೆ ಮುಗಿಸಿದಳು.

ವಾರ್ಡಿನಲ್ಲಿ ಇಪ್ಪತ್ತನಾಲ್ಕು ಮಂಚ. ವರ್ಷದಲ್ಲಿ ತೀರಿಕೊಂಡವರು ಮೂವತ್ತೆಂಟು ಜನ. ಅದರಲ್ಲಿ ಹದಿನೇಳು ಜನ ಒಂದನೇ ಮಂಚದವರು. ಮಿಕ್ಕ ಇಪ್ಪತ್ತಮೂರು ಮಂಚಕ್ಕೆ ಸೇರಿ ಇಪ್ಪತ್ತೊಂದು, ಮಂಚಕ್ಕೆ ಒಂದರ ಲೆಕ್ಕವೂ ಇಲ್ಲ. ಅದಕ್ಕಿಂತ ಅವಳನ್ನು ಹೆದರಿಸಿದ್ದು ಇನ್ನೊಂದು. ಒಂದನೇ ಮಂಚದಿಂದ ಗುಣವಾಗಿ ಮನೆಗೆ ಹೋದವರು ಎಷ್ಟು ಎಂದು ಹುಡುಕಿದಳು. ಒಬ್ಬರೂ ಇರಲಿಲ್ಲ. ಇಡೀ ವರ್ಷದಲ್ಲಿ ಒಬ್ಬರೂ ಇರಲಿಲ್ಲ. ಮತ್ತೆ ಮೊದಲಿಂದ ನೋಡಿದಳು. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

ಆ ಮಂಚದಲ್ಲಿ ಏನಿದೆಯೆಂದು ಅವಳು ಯೋಚಿಸಲಿಲ್ಲ. ಬಾಗಿಲ ಗಾಳಿಯೋ, ಗೋಡೆಯೊಳಗಿನ ಯಾವುದೋ ಸೋಂಕೋ, ಏನೋ ಒಂದು. ಕಾರಣ ಆಮೇಲೆ ನೋಡಿದರಾಯಿತು, ಮೊದಲು ಅಣ್ಣನನ್ನು ಅಲ್ಲಿಂದ ಎತ್ತಬೇಕು. ಇಪ್ಪತ್ತೆರಡು ವರ್ಷದಲ್ಲಿ ಐದಾರು ಸಲವೂ ವಾರ್ಡಿನೊಳಗೆ ಕಾಲಿಟ್ಟವಳಲ್ಲ. ಅವಳು ಕಂಡ ರೋಗಿಗಳೆಲ್ಲ ದಾರ ಕಟ್ಟಿಸಿಕೊಂಡವರೇ. ಅಂದು ಮೆಟ್ಟಿಲೆಲ್ಲ ಒಂದೇ ಉಸಿರಿಗೆ ಹತ್ತಿ ಹೋದಳು.

ವಾರ್ಡಿನ ದೊಡ್ಡ ಸಿಸ್ಟರ್ ರಜೆಯ ಮೇಲಿದ್ದರು. ಮೇಜಿನ ಮುಂದೆ ಕೆಲಸಕ್ಕೆ ಸೇರಿ ವರ್ಷವೂ ಆಗದ ಸಿಸ್ಟರ್ ಇದ್ದಳು.

"ಆಗಲ್ಲ ಅಕ್ಕ. ಇವರು ಇಲ್ಲೇ ಇರಬೇಕು ಅಂತ ಡಾಕ್ಟರ್ ಹೇಳಿದ್ದಾರೆ."

"ಡಾಕ್ಟರು ಔಷಧಿ ಹೇಳಲಿ. ಬೆಡ್ಡಿನ ವಿಷಯ ನನಗೆ ಗೊತ್ತು. ನೀನು ಹುಟ್ಟೋ ಮುಂಚೆಯಿಂದ ಇಲ್ಲಿದ್ದೀನಮ್ಮ."

ಅತ್ತಿಗೆಯೂ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಇವಳು ಸುಮ್‌ಸುಮ್ನೆ ಹೇಳೋಳಲ್ಲ. ನಮ್ಮ ಮನೆಯವರನ್ನ ಇಲ್ಲಿ ಇಡಲ್ಲ ಅಂದ್ರೆ ಇಡಲ್ಲ. ಅಲ್ಲಿ ಕಿಟಕಿ ಹತ್ರ ಖಾಲಿ ಇದೆಯಲ್ಲ, ಅಲ್ಲಿ ಹಾಕಿ. ಗಾಳಿನಾದ್ರೂ ಬರುತ್ತೆ."

ಇಬ್ಬರು ಹಿರಿಯ ಹೆಂಗಸರ ಮುಂದೆ ಆ ಸಿಸ್ಟರ್ ಎಷ್ಟು ಹೊತ್ತು ನಿಲ್ಲಬಲ್ಲಳು? ಕತ್ತಲಾಗುವುದರೊಳಗೆ ಅಣ್ಣನನ್ನು ಇಪ್ಪತ್ತೆರಡನೇ ಮಂಚಕ್ಕೆ ಸಾಗಿಸಿದರು. ವಾರ್ಡಿನ ಆ ತುದಿ. ನಡುವೆ ಒಂದು ದಪ್ಪ ಕಂಬ. ಅಣ್ಣ ಮುಖದ ಮೇಲಿನ ಮಾಸ್ಕಿನೊಳಗಿಂದಲೇ ಏನೋ ಹೇಳಲು ಹೋದ. "ಮಾತಾಡಬೇಡ, ಉಸಿರು ಉಳಿಸ್ಕೋ" ಎಂದು ತಂಗಿ ಗದರಿಸಿದಳು. ಮನೆಗೆ ಹೋಗಿ ದೇವರ ಮುಂದೆ ಕಣ್ಣು ಮುಚ್ಚಿ ನಿಂತು, ಸರಿಯಾದ ಹೊತ್ತಿಗೆ ಬುದ್ಧಿ ಕೊಟ್ಟೆಯಲ್ಲ ತಂದೆ ಎಂದು ಕೈ ಮುಗಿದಳು.

ಮೂರನೆಯ ದಿನ ಮಧ್ಯಾಹ್ನ ಅತ್ತಿಗೆ ಸ್ನಾನಕ್ಕೆಂದು ಮನೆಗೆ ಹೋಗಿದ್ದಳು. ಅಣ್ಣ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ. ಆಕ್ಸಿಜನ್ನಿನ ಪೈಪು ಅವನ ಮೊಣಕೈಗೂ ಮಂಚದ ಕಂಬಿಗೂ ನಡುವೆ ಸಿಕ್ಕಿ ಮಡಚಿಕೊಂಡಿತು. ಮೇಜಿನ ಹತ್ತಿರ ಇಬ್ಬರು ಸಿಸ್ಟರುಗಳಿದ್ದರು. ಕಂಬದ ಹಿಂದಿನದು ಅವರಿಗೆ ಕಾಣಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತಟ್ಟೆ ಎತ್ತಲು ಬಂದ ಆಯಾ ಅವನ ತುಟಿ ನೀಲಿಗಟ್ಟಿದ್ದನ್ನು ನೋಡಿ ಕೂಗಿಕೊಂಡಳು.

ಜೀವ ಉಳಿಯಿತು. ಮೇಲಿನ ಮಹಡಿಯಲ್ಲಿ ನಾಲ್ಕೇ ಮಂಚಗಳ ವಿಶೇಷ ಕೋಣೆಯಿತ್ತು. ಎಂಟು ದಿನ ಅಲ್ಲಿಟ್ಟರು. ತಿರುಗಿ ವಾರ್ಡಿನ ಅದೇ ಮಂಚಕ್ಕೆ ಬಂದಾಗ ಆಕ್ಸಿಜನ್ ಬೇಕಿರಲಿಲ್ಲ, ಮಾತು ಸರಿಯಿತ್ತು, ಎಲ್ಲರ ಗುರುತೂ ಸಿಗುತ್ತಿತ್ತು. ಕೈ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಸುಮ್ಮನಿದ್ದಾಗ ಸುಮ್ಮನಿರುವುದು, ಏನಾದರೂ ಹಿಡಿಯಲು ಹೋದರೆ ಎರಡೂ ಕೈ ಅದುರಿ ಚಿಮ್ಮುವುದು. ಮೆದುಳಿಗೆ ಸ್ವಲ್ಪ ಹೊತ್ತು ಗಾಳಿ ಸಿಗದೆ ಹೀಗಾಗಿದೆ, ಪೂರ್ತಿ ಸರಿಹೋಗುತ್ತದೆಂದು ಹೇಳಲಾರೆ ಎಂದರು ಡಾಕ್ಟರು.

ಅತ್ತಿಗೆ ನಾದಿನಿಯ ಎರಡೂ ಕೈ ಹಿಡಿದುಕೊಂಡು ಅತ್ತಳು. "ಕಿಟಕಿ ಹತ್ರ ಇದ್ದೂ ಹೀಗಾಯ್ತು ನೋಡು. ಆ ಒಂದನೇ ಬೆಡ್ಡಲ್ಲೇ ಇದ್ದಿದ್ರೆ ಇವತ್ತು ಇವರು ಇರ್ತಾನೇ ಇರಲಿಲ್ಲ. ನಿನ್ನ ಋಣ ನನ್ನಿಂದ ತೀರಿಸೋಕಾಗಲ್ಲ ಕಣೇ."

ಲೆಕ್ಕದಕ್ಕ ಆ ಮಾತನ್ನು ಬೇಡವೆನ್ನಲಿಲ್ಲ. ಅಣ್ಣನ ಕೈ ನೋಡಿ ಕರುಳು ಹಿಂಡಿದರೂ, ತಾನು ಕಾಪಾಡಿದೆ ಎಂಬ ಸಣ್ಣ ಬಿಸುಪು ಒಳಗೊಂದು ಕಡೆ ಇತ್ತು. ಮುಂದೆ ಅವಳಿಗೆ ನಿದ್ದೆಗೊಡದೆ ಕಾಡಿದ್ದು ಆ ಬಿಸುಪೇ.

ಅದಾದ ನಾಲ್ಕು ದಿನಕ್ಕೆ, ತಳ್ಳುಗಾಡಿ ಬಂದು ಹೋದ ಸ್ವಲ್ಪ ಹೊತ್ತಿಗೆ, ರೆಕಾರ್ಡ್ ರೂಮಿನ ಬಾಗಿಲಲ್ಲಿ ಬಿಳಿ ಸೀರೆ ಉಟ್ಟ ದಪ್ಪನೆಯ ಹೆಂಗಸು ಬಂದು ನಿಂತರು. ಕಂಕುಳಲ್ಲಿ ಒಂದು ಉದ್ದನೆಯ ಪುಸ್ತಕ.

"ಲೆಕ್ಕದಕ್ಕ ಅಂದ್ರೆ ನೀವೇನಾ? ಮೂರು ವರ್ಷದಿಂದ ನಿಮ್ಮ ಸಹಿ ನೋಡ್ತಾ ಇದ್ದೀನಿ, ಮುಖ ನೋಡಿರಲಿಲ್ಲ."

ಗಂಡಸರ ವಾರ್ಡಿನ ದೊಡ್ಡ ಸಿಸ್ಟರ್. ರಜೆ ಮುಗಿಸಿ ಅಂದು ಬೆಳಿಗ್ಗೆ ಬಂದಿದ್ದರು. ಲೆಕ್ಕದಕ್ಕ ಎದ್ದು ಕುರ್ಚಿ ಕೊಟ್ಟಳು. ಅವರು ಕೂರಲಿಲ್ಲ.

"ಒಂದನೇ ಬೆಡ್ಡಿಂದ ಯಾರೂ ಮನೆಗೆ ಹೋಗಿಲ್ಲ ಅಂತ ಲೆಕ್ಕ ಹಾಕಿದವರು ನೀವಾ?"

"ಹೌದು ಸಿಸ್ಟರ್. ಆರುನೂರ ಹನ್ನೆರಡು ಶೀಟು. ಎರಡು ಸಲ ನೋಡಿದೆ."

"ಲೆಕ್ಕ ಸರಿಯಾಗೇ ಇದೆ. ಹೋಗಲ್ಲ. ನಾನೇ ಕಳಿಸಲ್ಲ."

ಲೆಕ್ಕದಕ್ಕನಿಗೆ ಅರ್ಥವಾಗಲಿಲ್ಲ.

ದೊಡ್ಡ ಸಿಸ್ಟರ್ ಪುಸ್ತಕವನ್ನು ಮೇಜಿನ ಮೇಲಿಟ್ಟರು. "ಅದು ನನ್ನ ಮೇಜಿನ ಪಕ್ಕದ ಮಂಚ ಅಮ್ಮ. ವಾರ್ಡಲ್ಲಿ ಯಾರಿಗೆ ತೀರಾ ಜಾಸ್ತಿ ಆಗುತ್ತೋ ಅವರನ್ನ ಅಲ್ಲಿಗೆ ತರ್ತೀವಿ, ಕಣ್ಣೆದುರಿಗೆ ಇರಲಿ ಅಂತ. ಹದಿನಾಲ್ಕನೇ ಬೆಡ್ಡಿನವರಿಗೆ ಕಷ್ಟ ಆಯ್ತು, ಒಂದಕ್ಕೆ ತಂದ್ವಿ. ಉಳಿಸ್ಕೊಳ್ಳೋಕೆ ಆಗಲಿಲ್ಲ ಅಂದ್ರೆ ಶೀಟಲ್ಲಿ ಏನು ಬರೀತೀವಿ? ಒಂದು ಅಂತ. ಚೇತರಿಸಿಕೊಂಡ್ರೆ ಅವರನ್ನ ಎರಡು ದಿನ ಬೇರೆ ಬೆಡ್ಡಲ್ಲಿಟ್ಟು ನೋಡಿ, ಆಮೇಲೆ ಮನೆಗೆ ಕಳಿಸ್ತೀವಿ. ಆಗ ಶೀಟಲ್ಲಿ ಹದಿನಾಲ್ಕೋ ಹತ್ತೋ ಇರುತ್ತೆ. ನಿಮ್ಮ ಹತ್ರ ಬರೋದು ಕೊನೇ ಬೆಡ್ಡು ಮಾತ್ರ. ಅಲ್ವಾ?"

ಲೆಕ್ಕದಕ್ಕ ಹೌದೆಂದು ತಲೆ ಆಡಿಸಿದಳು.

"ಯಾರು ಯಾವ ಬೆಡ್ಡಿಂದ ಯಾವುದಕ್ಕೆ ಹೋದ್ರು ಅನ್ನೋದು ಈ ಪುಸ್ತಕದಲ್ಲಿದೆ. ಇದು ವಾರ್ಡಲ್ಲೇ ಇರುತ್ತೆ, ಕೆಳಗೆ ಬರಲ್ಲ. ಬೆಳಿಗ್ಗೆ ವಿಷಯ ಕೇಳಿದ ಮೇಲೆ ಎಣಿಸ್ದೆ. ಹೋದ ವರ್ಷ ಒಂದನೇ ಬೆಡ್ಡಲ್ಲಿ ಮಲಗಿದವರು ತೊಂಬತ್ನಾಲ್ಕು ಜನ. ಹದಿನೇಳು ಜನ ತೀರಿಹೋದ್ರು. ಎಪ್ಪತ್ತೇಳು ಜನ ಎದ್ದು ಬೇರೆ ಬೆಡ್ಡಿಗೆ ಹೋದ್ರು. ಬೇಕಾದ್ರೆ ನೀವೇ ನೋಡಿ."

ಬೇರೆಯವರ ಎಣಿಕೆಯನ್ನು ನಂಬಿ ಒಪ್ಪಿಕೊಂಡ ರೂಢಿ ಅವಳಿಗೆ ಇರಲಿಲ್ಲ. ಅಂದು ಆ ಪುಸ್ತಕವನ್ನು ಮುಟ್ಟಲೂ ಕೈ ಬರಲಿಲ್ಲ. ಎಪ್ಪತ್ತೇಳು ಜನ. ಅವರೆಲ್ಲರ ಶೀಟುಗಳೂ ಅವಳ ಕಪಾಟಿನಲ್ಲೇ ಇದ್ದವು. ಅವರಿಗೂ ದಾರ ಕಟ್ಟಿದವಳು ಅವಳೇ. ಬೇರೆ ಬೇರೆ ನಂಬರು ಹೊತ್ತು ಅವಳ ಕಣ್ಣೆದುರೇ ಹಾದು ಹೋಗಿದ್ದರು. ಮಂಚದ ಹತ್ತಿರ ಹೋಗಿ, ಇಲ್ಲಿ ಯಾರನ್ನು ಮಲಗಿಸುತ್ತೀರಿ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಸಿಸ್ಟರ್ ಮೇಜಿನ ಪಕ್ಕ ಎಂದು ಅತ್ತಿಗೆಯೇ ಬಾಯಿಬಿಟ್ಟು ಹೇಳಿದ್ದಳು.

"ಮೇಲೆ ಬನ್ನಿ" ಎಂದರು ದೊಡ್ಡ ಸಿಸ್ಟರ್. "ಒಬ್ಬ ವಯಸ್ಸಾದವರು ಬಂದಿದ್ದಾರೆ, ಒಂದನೇ ಬೆಡ್ಡಿಗೆ ಹಾಕಬೇಕು. ಸೊಸೆ ಬಿಡ್ತಾ ಇಲ್ಲ. ನೀವು ಹೇಳಿದ್ರಿ ಅಂತ ವಾರ್ಡಲ್ಲೆಲ್ಲ ಸುದ್ದಿ. ನನ್ನ ಮಾತು ಯಾರೂ ಕೇಳ್ತಿಲ್ಲ, ನಿಮ್ಮ ಮಾತೇ ಬೇಕಂತೆ."

ಇಬ್ಬರೂ ಮೆಟ್ಟಿಲು ಹತ್ತಿದರು. ಅರ್ಧಕ್ಕೆ ಬಂದು ದೊಡ್ಡ ಸಿಸ್ಟರ್ ಉಸಿರು ತಿರುಗಿಸಿಕೊಳ್ಳಲು ನಿಂತರು. "ಇಪ್ಪತ್ತೆರಡರಲ್ಲಿ ಇರೋರು ನಿಮ್ಮ ಅಣ್ಣನಂತೆ."

"ಹೌದು." ಲೆಕ್ಕದಕ್ಕ ಗೋಡೆ ಹಿಡಿದುಕೊಂಡಳು. "ಸಿಸ್ಟರ್, ಅಣ್ಣ ಒಂದರಲ್ಲೇ ಇದ್ದಿದ್ರೆ..."

ದೊಡ್ಡ ಸಿಸ್ಟರ್ ಅವಳ ಮುಖ ನೋಡಲಿಲ್ಲ. "ನಮ್ಮ ಮೇಜಿಂದ ಆ ಪೈಪು ಕಾಣುತ್ತೆ" ಎಂದಷ್ಟೇ ಹೇಳಿ ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.

ವಾರ್ಡಿನ ಬಾಗಿಲಿಗೆ ಅಡ್ಡಲಾಗಿ ಗಾಲಿಮಂಚ ನಿಂತಿತ್ತು. ಅದರ ಮೇಲೆ ಎಲುಬು ಚರ್ಮವಾದ ಮುದುಕರೊಬ್ಬರು ಎದೆ ಏರಿಳಿಸುತ್ತ ಮಲಗಿದ್ದರು. ತಲೆಯ ಹತ್ತಿರ ಮೂವತ್ತರ ಸೊಸೆ ಗಾಲಿಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವಳ ಪಕ್ಕದಲ್ಲಿ, ಕಾವಲಿಗೆ ನಿಂತವಳಂತೆ, ಅತ್ತಿಗೆ.

"ಬಂದ್ಲು ನೋಡಿ ನಮ್ಮ ನಾದಿನಿ" ಎಂದಳು ಅತ್ತಿಗೆ, ಮುಖ ಅರಳಿಸಿ. "ಇವಳನ್ನೇ ಕೇಳ್ಕೊಳ್ಳಿ. ಇವಳು ಅಂಕಿ ಸಮೇತ ಹೇಳ್ತಾಳೆ. ನಮ್ಮ ಮನೆಯವರನ್ನ ಉಳಿಸಿದ್ದು ಇವಳೇ."

ಸುತ್ತಲಿನ ಮಂಚದವರೆಲ್ಲ ಕತ್ತು ತಿರುಗಿಸಿದರು. ಲೆಕ್ಕದಕ್ಕನಿಗೆ ಅಲ್ಲೇ ನೆಲ ಬಿರಿದು ಒಳಗೆಳೆದುಕೊಳ್ಳಬಾರದೇ ಎನ್ನಿಸಿತು. ಸುಮ್ಮನೆ "ಒಂದನೇ ಬೆಡ್ಡಿಗೆ ಹಾಕಿ, ಪರವಾಗಿಲ್ಲ" ಎಂದು ಹೇಳಿ ಹಿಂದಿರುಗಬಹುದಿತ್ತು. ಮಂಚ ಬದಲಾಯಿಸಿದ್ದಾರೆ, ಗೋಡೆ ತೊಳೆಸಿದ್ದಾರೆ, ಏನಾದರೂ ಒಂದು ಹೇಳಬಹುದಿತ್ತು. ಆ ಸುಳ್ಳುಗಳೆಲ್ಲ ಸಾಲಾಗಿ ಬಂದು ನಾಲಿಗೆಯ ತುದಿಯಲ್ಲಿ ನಿಂತವು. ಕಂಬದಾಚೆ ಆ ತುದಿಯಲ್ಲಿದ್ದ ಅಣ್ಣನಿಗೆ ಏನೂ ಕೇಳಿಸುತ್ತಿರಲಿಲ್ಲ, ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿದಳು. ಕ್ಷಮಿಸು ಎಂದು ಕೇಳುವ ಮುಖ ಇರಲಿಲ್ಲ. ನಿಜ ಹೇಳಲು ಬಾಯಿ ಬರುವಂತೆ ಮಾಡು ಎಂದಷ್ಟೇ ದೇವರನ್ನು ಕೇಳಿದಳು.

"ನನ್ನ ಲೆಕ್ಕ ತಪ್ಪು" ಎಂದಳು.

"ಏನೇ?" ಎಂದಳು ಅತ್ತಿಗೆ.

"ಈ ಬೆಡ್ಡಿಂದ ಜನ ಸಾಯಲ್ಲ. ಸಾಯೋ ಹಾಗಿರೋರನ್ನ ಉಳಿಸೋಕೆ ಇಲ್ಲಿಗೆ ತರ್ತಾರೆ. ಉಳಿದವರನ್ನ ಬೇರೆ ಬೆಡ್ಡಿಂದ ಮನೆಗೆ ಕಳಿಸ್ತಾರೆ, ಅದಕ್ಕೆ ಅವರು ನನ್ನ ಲೆಕ್ಕದಲ್ಲಿ ಸಿಗಲಿಲ್ಲ. ನೂರಕ್ಕೆ ಎಂಬತ್ತು ಜನ ಇಲ್ಲಿಂದ ಎದ್ದು ಹೋಗಿದ್ದಾರೆ. ನಾನು ಕೆಳಗೆ ಕೂತು ನೋಡಿದ್ದು ಬರೀ ತೀರಿಹೋದವರನ್ನ. ಇಲ್ಲೇ ಹಾಕಿಸಿ ತಾಯಿ. ಇದಕ್ಕಿಂತ ಒಳ್ಳೆ ಜಾಗ ವಾರ್ಡಲ್ಲಿ ಇಲ್ಲ."

ಸೊಸೆ ಕಂಬಿಯನ್ನು ಬಿಡಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದಳು. "ಚೆನ್ನಾಗಿ ಹೇಳ್ತೀರಿ. ಅಷ್ಟು ಒಳ್ಳೆ ಜಾಗ ಆಗಿದ್ರೆ ನಿಮ್ಮ ಅಣ್ಣನ್ನ ಯಾಕೆ ಇಲ್ಲಿಂದ ಎತ್ತಿಸಿದ್ರಿ? ನಮ್ಮ ಮಾವ ಏನು ಬಿಟ್ಟಿ ಬಿದ್ದಿದ್ದಾರಾ?"

"ಎತ್ತಿಸಿದ್ದಕ್ಕೇ ಅವನ ಕೈ ಹಾಗಾಗಿದೆ" ಎಂದಳು ಲೆಕ್ಕದಕ್ಕ. "ಇಲ್ಲಿದ್ದಿದ್ರೆ ಪೈಪು ಮಡಚಿದ್ದು ಸಿಸ್ಟರಿಗೆ ಕಾಣ್ತಿತ್ತು. ಅಲ್ಲಿ ಕಾಣಲಿಲ್ಲ."

ಯಾರೋ ಕೆಮ್ಮಿದರು. ಸೊಸೆಯ ಕೈ ನಿಧಾನವಾಗಿ ಕಂಬಿಯಿಂದ ಜಾರಿತು. ದೊಡ್ಡ ಸಿಸ್ಟರ್ ಗಾಲಿಮಂಚವನ್ನು ತಿರುಗಿಸಿ ಒಳಗೆ ತಳ್ಳಿದರು. ಮುದುಕರನ್ನು ಒಂದನೇ ಮಂಚಕ್ಕೆ ಇಳಿಸುವವರೆಗೂ ಲೆಕ್ಕದಕ್ಕ ಅಲ್ಲೇ ನಿಂತಿದ್ದಳು. ಅತ್ತಿಗೆ ಇದ್ದ ಕಡೆ ನೋಡುವ ಧೈರ್ಯ ಬರಲಿಲ್ಲ. ನೋಡಿದಾಗ ಅತ್ತಿಗೆ ಅಲ್ಲಿರಲಿಲ್ಲ.

ಹೊರಗಿನ ಓಣಿಯಲ್ಲಿ, ಭೇಟಿಗೆ ಬಂದವರು ಕೂರುವ ಬೆಂಚಿನ ತುದಿಯಲ್ಲಿ ಅತ್ತಿಗೆ ಕೂತಿದ್ದಳು. ಲೆಕ್ಕದಕ್ಕ ಸ್ವಲ್ಪ ದೂರದಲ್ಲಿ ನಿಂತಳು.

"ಎಷ್ಟು ಹೊತ್ತು?" ಎಂದಳು ಅತ್ತಿಗೆ.

"ಏನು ಅತ್ತಿಗೆ?"

"ಉಸಿರಿಲ್ಲದೆ ಇವರು ಎಷ್ಟು ಹೊತ್ತು ಇದ್ರು? ನೀನು ಎಲ್ಲ ಎಣಿಸ್ತೀಯಲ್ಲ. ಹೇಳು."

"ಗೊತ್ತಿಲ್ಲ ಅತ್ತಿಗೆ. ಯಾರೂ ನೋಡಿಲ್ಲ."

ಅತ್ತಿಗೆ ತನ್ನ ಅಂಗೈ ನೋಡಿಕೊಂಡಳು. "ಆ ಸಿಸ್ಟರ್ ಬೇಡ ಬೇಡ ಅಂದ್ಲು. ನಾನೂ ಸೇರಿ ಜಗಳ ಆಡ್ದೆ. ನೀನು ಹೇಳಿದ್ದೀಯ ಅಂತ. ಇದುವರೆಗೂ ನೀನು ಹೇಳಿದ್ದಕ್ಕೆ ಎದುರು ಮಾತಾಡಿದವಳಲ್ಲ ನಾನು."

"ನನ್ನದೇ ತಪ್ಪು ಅತ್ತಿಗೆ."

"ನಿನ್ನದೇ" ಎಂದಳು ಅತ್ತಿಗೆ. ದನಿ ಏರಿಸಲಿಲ್ಲ. ಏರಿಸಿದ್ದರೆ ಲೆಕ್ಕದಕ್ಕನಿಗೆ ಹಗುರವಾಗುತ್ತಿತ್ತು. "ಇವರಿಗೆ ನಾನು ಹೇಳಲ್ಲ. ಹೇಳಬೇಕಾದವಳು ನೀನು. ಯಾವಾಗ ಹೇಳ್ತೀಯೋ ನಿನಗೆ ಬಿಟ್ಟಿದ್ದು."

ಅಣ್ಣ ಮನೆಗೆ ಹೋದ. ಅವನ ಕೇಸ್ ಶೀಟು ಒಂದು ಬೆಳಿಗ್ಗೆ ತಳ್ಳುಗಾಡಿಯಲ್ಲಿ ಬಂತು. ಕೊನೆಯ ಮಂಚ ಇಪ್ಪತ್ತೆರಡು, ಗುಣವಾಗಿ ಬಿಡುಗಡೆ. ಪುಸ್ತಕಕ್ಕೆ ಇಳಿಸಬೇಕಾದ್ದು ಅವಳೇ. ಬರೆದಳು. ನಾಳೆ ಯಾರಾದರೂ ತನ್ನಂಥವಳು ಕೂತು ಎಣಿಸಿದರೆ, ಇಪ್ಪತ್ತೆರಡನೇ ಮಂಚದ ಒಳ್ಳೆಯ ಹೆಸರಿಗೆ ಇನ್ನೊಂದು ಗೀಟು ಸೇರುತ್ತದೆ ಎಂದು ತಿಳಿದೇ ಬರೆದಳು. ಬೇರೆ ಏನನ್ನು ಬರೆಯಲೂ ಆ ಸಾಲಿನಲ್ಲಿ ಜಾಗವಿರಲಿಲ್ಲ. ಆಮೇಲೆ ಆಡಳಿತಾಧಿಕಾರಿಯ ಹತ್ತಿರ ಹೋಗಿ, ರೋಗಿ ಮಲಗಿದ ಮಂಚಗಳನ್ನೆಲ್ಲ ಶೀಟಿನಲ್ಲಿ ಬರೆಸಬೇಕೆಂದು ಕೇಳಿಕೊಂಡಳು. ಯಾಕೆಂದು ಅವರು ಕೇಳಿದರು. ಹೇಳಿದಳು. ಹಿಂದೆ ಬೆನ್ನು ತಟ್ಟಿದ್ದ ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡು, "ನೋಡೋಣ" ಎಂದರು.

ಪ್ರತಿ ಭಾನುವಾರ ಅಣ್ಣನ ಮನೆಗೆ ಹೋಗುತ್ತಿದ್ದಳು. ಹೇಳಬೇಕೆಂದೇ ಹೋಗುವುದು, ಹೇಳದೆ ಬರುವುದು. ಅತ್ತಿಗೆ ಎಂದಿನಂತೆ ಊಟ ಬಡಿಸುತ್ತಿದ್ದಳು, ಎಂದಿನಂತೆ ಸಾಕು ಎಂದರೂ ಇನ್ನೊಂದು ಸೌಟು ಹಾಕುತ್ತಿದ್ದಳು. ಆದರೆ ಏನನ್ನೂ ಕೇಳುತ್ತಿರಲಿಲ್ಲ. ಯಾವ ಡಾಕ್ಟರು, ಯಾವ ಬಸ್ಸು, ಯಾವುದೂ ಇಲ್ಲ. ಕೇಳಲು ಬಾಯಿ ತೆರೆದು, ನೆನಪಾಗಿ ಮುಚ್ಚಿಕೊಳ್ಳುವುದನ್ನು ಲೆಕ್ಕದಕ್ಕ ಎರಡು ಸಲ ಕಂಡಳು. ಬಾಗಿಲವರೆಗೆ ಕಳಿಸಲು ಬಂದಾಗ ಅತ್ತಿಗೆಯ ಕಣ್ಣಲ್ಲಿ ಒಂದೇ ಪ್ರಶ್ನೆ ಇರುತ್ತಿತ್ತು. ಲೆಕ್ಕದಕ್ಕ ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು. ಹೀಗೆ ಐದು ಭಾನುವಾರ ಕಳೆದವು.

ಆರನೆಯ ಭಾನುವಾರ ಹೋದಾಗ ಅಣ್ಣ ಮುಂದಿನ ಕೋಣೆಯಲ್ಲಿ ಒಬ್ಬನೇ ಕೂತಿದ್ದ. ಎದುರಿನ ಸ್ಟೂಲಿನ ಮೇಲೆ ನಾಲ್ಕು ಬೀಗದ ಕೈ. ಹಿಂದಿನ ದಿನ ಯಾರಿಗೂ ಹೇಳದೆ ಅಂಗಡಿಗೆ ಹೋಗಿ ಬೀಗದ ಕೈ ಉಜ್ಜಲು ಅರ ಹಿಡಿದಿದ್ದನಂತೆ. ನಾಲ್ಕೂ ಹಾಳಾಗಿದ್ದವು. ಹಲ್ಲುಗಳು ಎಲ್ಲೆಂದರಲ್ಲಿ ಕಚ್ಚಿಹೋಗಿದ್ದವು.

"ನೋಡು ಪುಟ್ಟಿ, ಇಲಿ ತಿಂದ ಹಾಗಿದೆ" ಎಂದು ನಕ್ಕ. "ಕಾಯಿಲೆ ಬಲು ಕೆಟ್ಟದ್ದು ಮಾರಾಯ್ತಿ. ಎದೆಗೆ ಬಂದದ್ದು ಕೈಗೆ ಇಳೀತು."

"ಕಾಯಿಲೆಯಿಂದ ಅಲ್ಲ ಅಣ್ಣ" ಎಂದಳು. ಇನ್ನೂ ಒಂದು ಕ್ಷಣ ಬಿಟ್ಟಿದ್ದರೆ ಮತ್ತೆ ಹೇಳುತ್ತಿರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಶೀಟುಗಳು, ಹದಿನೇಳು, ಸೊನ್ನೆ, ಕಂಬ, ಪೈಪು, ಎಪ್ಪತ್ತೇಳು. ಅತ್ತಿಗೆ ಒಳಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಿದ್ದನ್ನು ಅವಳು ನೋಡಲಿಲ್ಲ.

ಅಣ್ಣ ಕೇಳಿಸಿಕೊಂಡ. ನಗು ಯಾವಾಗಲೋ ಹೋಗಿತ್ತು. ಸ್ಟೂಲಿನ ಮೇಲಿನ ಬೀಗದ ಕೈಗಳನ್ನು ನೋಡುತ್ತ ಕೇಳಿದ.

"ನನ್ನ ಅಂಗಡಿಗೆ ಬರೋರೆಲ್ಲ ಯಾರು? ಬೀಗ ಕೆಟ್ಟವರು. ಒಳ್ಳೆ ಬೀಗ ಹಿಡ್ಕೊಂಡು ಒಬ್ಬರಾದ್ರೂ ಬಂದಿದ್ದಾರಾ? ಹಾಗಂತ ಈ ಅಂಗಡಿಯಿಂದಾನೇ ಬೀಗ ಕೆಡುತ್ತೆ ಅಂತ ನೀನು ಅಂದ್ಕೋತೀಯಾ?"

ಲೆಕ್ಕದಕ್ಕ ತಲೆ ತಗ್ಗಿಸಿದಳು.

"ನಾನು ಆ ಮಂಚದ ಮೇಲೇ ಮಲಗಿದ್ದೆ ಪುಟ್ಟಿ. ಆ ಸಿಸ್ಟರ್ ಹುಡುಗಿ ಬರೀತಾ ಬರೀತಾ ಘಳಿಗೆಗೊಂದು ಸಲ ನನ್ನ ಕಡೆ ನೋಡೋಳು. ಮಾಸ್ಕು ಒಂದು ಚೂರು ಜಾರಿದ್ರೆ ಎದ್ದು ಬರೋಳು. ಇವರು ನನ್ನ ಸಾಯೋಕೆ ಬಿಡಲ್ಲ ಅಂತ ಧೈರ್ಯ ಬಂದಿತ್ತು. ಅದನ್ನೇ ಹೇಳೋಕೆ ಹೋದೆ, ನೀನು ಮಾತಾಡಬೇಡ ಅಂದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಆರುನೂರು ಕಾಗದ ಕೇಳಿದ್ಯಲ್ಲ. ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

ಅತ್ತಿಗೆ ಒಳಗಿನಿಂದ ಚಹಾದ ಲೋಟ ತಂದು, ನಾಲ್ಕು ಬೀಗದ ಕೈಗಳನ್ನು ಪಕ್ಕಕ್ಕೆ ಸರಿಸಿ, ಸ್ಟೂಲಿನ ಮೇಲಿಟ್ಟಳು. ಅಣ್ಣ ಎರಡೂ ಕೈ ಚಾಚಿದ. ಕೈ ಚಿಮ್ಮಿ ಚಹಾ ಬೆರಳ ಮೇಲೆ ತುಳುಕಿತು. ಲೆಕ್ಕದಕ್ಕ ಹಿಡಿಯಲು ಮುಂದೆ ಬಾಗಿದಳು.

"ಬೇಡ. ನಾನೇ ಹಿಡೀತೀನಿ" ಎಂದ ಅಣ್ಣ. "ನೀನು ಕೂತ್ಕೋ."

ಅವಳು ಕೂತಳು. ಲೋಟ ಅದುರುತ್ತ, ಹಲ್ಲಿಗೆ ತಾಗಿ ಸದ್ದು ಮಾಡುತ್ತ, ಅರ್ಧ ಅಂಗಿಯ ಮೇಲೆ ಚೆಲ್ಲಿ ಅರ್ಧ ಬಾಯಿಗೆ ಹೋಗುವವರೆಗೂ ಅವಳು ತಲೆ ತಗ್ಗಿಸಲಿಲ್ಲ, ಕಣ್ಣು ತೆಗೆಯದೆ ನೋಡಿದಳು.